ಗೇರ್‌ಬಾಕ್ಸ್ ಹೋಗಿದೆಯಾ, ಹೋದ ಹಾಗೆ ಕಾಣ್ತಿದೆಯಾ?

ನನ್ನ ಹಳೇ ಆಟೋಮ್ಯಾಟಿಕ್ ಕಾರು ಒಂದು ದಿನ ಎಪ್ಪತ್ತರ ಸ್ಪೀಡಿನಲ್ಲಿ ನಡುಗಲು ಶುರು ಮಾಡಿತು. ರಸ್ತೆಗೆ ಸಾಲಾಗಿ ಸಣ್ಣ ಸಣ್ಣ ಹಂಪ್ ಹಾಕಿದ ಹಾಗೆ, ಗಡಗಡ ಅಂತ ಎರಡು ಮೂರು ಸೆಕೆಂಡು. ಆಮೇಲೆ ಏನೂ ಆಗಿಲ್ಲ ಅನ್ನುವಂತೆ ಸುಮ್ಮನಾಗುತ್ತಿತ್ತು. ಗ್ಯಾರೇಜಿನವರು ಒಂದು ರೌಂಡ್ ಓಡಿಸಿ ಬಂದರು. ಬಾನೆಟ್ ಕೂಡ ಎತ್ತದೆ, "ಗೇರ್‌ಬಾಕ್ಸ್ ಇಳಿಸಬೇಕು ಸಾರ್" ಅಂದರು. ಆ ಗಾಬರಿಯಲ್ಲಿ ಹೂಂ ಅಂದೇ ಬಿಡುತ್ತಿದ್ದೆ. ಏನೋ ಬುದ್ಧಿ ಬಂದು ಎರಡು ದಿನ ಟೈಮ್ ಕೇಳಿದೆ. ಆ ಎರಡು ದಿನದಲ್ಲಿ ಗೊತ್ತಾಗಿದ್ದು ಇಷ್ಟೇ: ಪ್ಲಗ್ಗಿಗೆ ಕಿಡಿ ಕೊಡುವ ಒಂದು ಇಗ್ನಿಷನ್ ಕಾಯಿಲ್ ಲೋಡ್ ಬಿದ್ದಾಗ ಮಾತ್ರ ಕೈಕೊಡುತ್ತಿತ್ತು. ಕಾಯಿಲ್ ಬದಲಾಯಿಸಿದೆ, ನಡುಕ ನಿಂತಿತು. ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ.

ಇದಕ್ಕೆ ಉಲ್ಟಾ ಕಥೆಯೂ ಇದೆ. ಪರಿಚಯದವರೊಬ್ಬರ ಕಾರು ರಿವರ್ಸಿಗೆ ಹಾಕಿದರೆ ಮೂರು ಸೆಕೆಂಡು ಯೋಚನೆ ಮಾಡಿ ಆಮೇಲೆ ಹೊರಡುತ್ತಿತ್ತು. ಅವರು ವರ್ಷ ಪೂರ್ತಿ ಆಯಿಲ್ ಸೇರಿಸುತ್ತಾ, ಮೇಲಿಂದ ಒಂದೊಂದು ಬಾಟಲಿ ಅಡಿಟಿವ್ ಸುರಿಯುತ್ತಾ ಕಾಲ ತಳ್ಳಿದರು. ಕೊನೆಗೆ ಚೇಂಬರ್, ಅಂದರೆ ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆ, ಬಿಚ್ಚಿದಾಗ ಒಳಗಿನ ಕ್ಲಚ್ ಪ್ಲೇಟಿನ ಕಪ್ಪು ಪುಡಿ ಕೆಸರಿನ ಹಾಗೆ ತಳದಲ್ಲಿ ಕೂತಿತ್ತು. ಮೊದಲ ತಿಂಗಳೇ ನೋಡಿದ್ದರೆ ಸೀಲ್‌ಗಳಲ್ಲಿ ಮುಗಿಯಬಹುದಿದ್ದ ಕೆಲಸ.

ಹಳೇ ಆಟೋಮ್ಯಾಟಿಕ್ ಕಾರಿನಲ್ಲಿ ದುಡ್ಡು ಹಾಳಾಗುವುದು ಹೆಚ್ಚಾಗಿ ಈ ಎರಡು ದಾರಿಯಲ್ಲೇ. ಚೆನ್ನಾಗಿರುವ ಗೇರ್‌ಬಾಕ್ಸ್ ಇಳಿಸುವುದು ಒಂದು, ಸತ್ತ ಗೇರ್‌ಬಾಕ್ಸಿಗೆ ಔಷಧಿ ಹಾಕುತ್ತಲೇ ಇರುವುದು ಇನ್ನೊಂದು. ನಾನು ನಂಬುವ ಕ್ರಮ ಹೀಗಿದೆ: ಹೊರಗಿನದನ್ನೆಲ್ಲ ನೋಡಿ ಮುಗಿಸಿದ ಮೇಲೆ ಒಳಗೆ ಕೈ ಹಾಕಬೇಕು. ಒಳಗೆ ಲೋಹದ ಚೂರು ಕಂಡ ಮೇಲೆ ಹೊರಗಿನ ಮದ್ದು ನಿಲ್ಲಿಸಬೇಕು.

ಇದು ಯಾವ ಆಟೋಮ್ಯಾಟಿಕ್?

ಕ್ಲಚ್ ಪೆಡಲ್ ಇಲ್ಲ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಆಯಿಲ್ ಒತ್ತಡದಿಂದ ತಾನೇ ಗೇರ್ ಬದಲಿಸುವ ಪದ್ಧತಿ 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರುಗಳ ಹೈಡ್ರಾ-ಮ್ಯಾಟಿಕ್‌ನಿಂದ ದೊಡ್ಡ ಪ್ರಮಾಣದಲ್ಲಿ ಶುರುವಾಯಿತು. ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಆಮೇಲೆ ಸೇರಿಕೊಂಡಿತು. ಹಳೇ ಕಾರುಗಳಲ್ಲಿ ಜಾಸ್ತಿ ಸಿಗುವುದು ಇದೇ ವಂಶ, ಈ ಬರಹದ ಬಹುಪಾಲು ಇದರ ಬಗ್ಗೆಯೇ.

ಸಿವಿಟಿ ಅನ್ನುವ ಬಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವ ಗೇರ್ ಇರುವುದಿಲ್ಲ, ಎರಡು ಪುಲ್ಲಿಗಳ ನಡುವೆ ಸ್ಟೀಲ್ ಬೆಲ್ಟ್ ಓಡುತ್ತದೆ. ಆರ್‌ಪಿಎಂ ಮೊದಲು ಏರಿ, ಸ್ಪೀಡ್ ಆಮೇಲೆ ಬರುವುದು ಅಲ್ಲಿ ಮಾಮೂಲಿ. ಅದನ್ನೇ ಜಾರುವಿಕೆ, ಅಂದರೆ ಕ್ಲಚ್ ಹಿಡಿತ ತಪ್ಪುವುದು, ಅಂದುಕೊಂಡು ಗಾಬರಿಯಾಗುವವರು ಬಹಳ ಜನ. ಎಎಂಟಿ ಅಂದರೆ ಒಳಗೆ ಸಾದಾ ಮ್ಯಾನ್ಯುಯಲ್ ಗೇರ್‌ಬಾಕ್ಸ್. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ನಿಮ್ಮ ಕೈಕಾಲಿನ ಬದಲು ಒಂದು ಯಂತ್ರ ಮಾಡುತ್ತದೆ, ಅಷ್ಟೇ. ಅದು ಜಾರುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಕ್ಲಚ್ ಪ್ಲೇಟ್ ಮೇಲೆ. 2003ರಲ್ಲಿ ಫೋಕ್ಸ್‌ವ್ಯಾಗನ್ ಮಾರುಕಟ್ಟೆಗೆ ತಂದ ಡಿಎಸ್‌ಜಿಯಂಥ ಡಬಲ್ ಕ್ಲಚ್ ಗೇರ್‌ಬಾಕ್ಸಿನ ಲೆಕ್ಕವೂ ಬೇರೆ. ಒಂದು ಬಗೆಗೆ ಕೊಡುವ ಸಲಹೆಯನ್ನು ಇನ್ನೊಂದಕ್ಕೆ ಹಚ್ಚಬೇಡಿ. ಆಯಿಲ್ ವಿಷಯದಲ್ಲಂತೂ ಬೇಡವೇ ಬೇಡ.

ಏನು ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ

ಗ್ಯಾರೇಜಿಗೆ ಹೋಗಿ "ಜರ್ಕ್ ಹೊಡೀತಿದೆ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ಒಂದೇ ಗೇರಿನಲ್ಲೋ ಎಲ್ಲದರಲ್ಲೋ? ಆಕ್ಸಿಲರೇಟರ್ ಮೆಲ್ಲಗೆ ಒತ್ತಿದಾಗಲೋ ಪೂರ್ತಿ ತುಳಿದಾಗಲೋ? ಒಂದು ವಾರ ಸಣ್ಣ ಪುಸ್ತಕವೊಂದನ್ನು ಕಾರಿನಲ್ಲಿ ಇಟ್ಟುಕೊಂಡು ಬರೆಯಿರಿ. ಆ ಪುಸ್ತಕ ಅರ್ಧ ರಿಪೇರಿ ಮಾಡುತ್ತದೆ.

ಬೆಳಿಗ್ಗೆ ತಣ್ಣಗಿದ್ದಾಗ ಹಿಡಿಯಲು ತಡ ಮಾಡಿ, ಹತ್ತು ನಿಮಿಷ ಓಡಿದ ಮೇಲೆ ಸರಿಹೋಗುವ ಕಾರಿನಲ್ಲಿ ಆಯಿಲ್ ಕಡಿಮೆ ಇರಬಹುದು, ಇಲ್ಲವೇ ಒಳಗಿನ ರಬ್ಬರ್ ಸೀಲ್‌ಗಳು ಗಟ್ಟಿಯಾಗಿರಬಹುದು. ಗಟ್ಟಿಯಾದ ಸೀಲ್ ಬಿಸಿಗೆ ಸ್ವಲ್ಪ ಮೆತ್ತಗಾಗಿ ಮತ್ತೆ ಒತ್ತಡ ಹಿಡಿಯುತ್ತದೆ. ಇದಕ್ಕೆ ಉಲ್ಟಾ, ತಣ್ಣಗಿದ್ದಾಗ ಸರಿಯಾಗಿದ್ದು ಬಿಸಿಯಾದ ಮೇಲೆ ಜಾರಿದರೆ ವಿಷಯ ಸ್ವಲ್ಪ ಗಂಭೀರ. ಬಿಸಿಗೆ ಆಯಿಲ್ ತೆಳುವಾಗುತ್ತದೆ, ಸವೆದ ಪಂಪಿನಿಂದಲೋ, ಆಯಿಲನ್ನು ಬೇಕಾದ ಗೇರಿಗೆ ಹಂಚುವ ವಾಲ್ವ್ ಬಾಡಿಯ ಸಂದಿನಿಂದಲೋ ಒತ್ತಡ ಸೋರಿಹೋಗುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ಸರಿ, ಮತ್ತೆ ಬಿಸಿಯಾದರೆ ಥಟ್ಟನೆ ಒಂದು ಗೇರ್ ಮಾಯ ಅಂದರೆ ಆಯಿಲ್ ದಾರಿಯನ್ನು ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡಿನ ಸುರುಳಿ ಬಿಸಿಗೆ ಕಡಿದುಕೊಳ್ಳುತ್ತಿರುವ ಸಾಧ್ಯತೆಯನ್ನೂ ನೋಡಬೇಕು. ಮೆಲ್ಲಗೆ ಹದಗೆಡುವುದು ಆಯಿಲ್ ಒತ್ತಡದ ಲಕ್ಷಣ. ಸ್ವಿಚ್ ಹಾಕಿದ ಹಾಗೆ ಹೋಗಿ ಬರುವುದು ಹೆಚ್ಚಾಗಿ ಕರೆಂಟಿನದು.

ಒಂದೇ ಗೇರ್ ಕೆಟ್ಟಿದ್ದರೆ ಆ ಗೇರಿನ ಕ್ಲಚ್ಚು ಅಥವಾ ಸೊಲೆನಾಯ್ಡ್ ನೋಡಿ. ಎಲ್ಲ ಗೇರೂ ಒಟ್ಟಿಗೆ ಸೋತಿದ್ದರೆ ಎಲ್ಲಕ್ಕೂ ಬೇಕಾದ್ದನ್ನು ನೋಡಿ: ಆಯಿಲ್, ಫಿಲ್ಟರ್, ಪಂಪ್, ಟಾರ್ಕ್ ಕನ್ವರ್ಟರ್. ಜೋರಾಗಿ ತಿರುವು ತೆಗೆದುಕೊಂಡಾಗ ಮಾತ್ರ ಒಂದು ಕ್ಷಣ ಪಿಕಪ್ ಹೋಗಿ ಬಂದರೆ? ಆಯಿಲ್ ಒಂದು ಪಕ್ಕಕ್ಕೆ ಓಡಿ, ಪಂಪ್ ಗಾಳಿ ಎಳೆಯುತ್ತಿದೆ. ಲೆವೆಲ್ ಕಡಿಮೆ ಇದೆ.

ಒಂದೇ ಥರ ಕಾಣುವ ಜೋಡಿಗಳು

ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ನನ್ನ ಕಾರಿನ ನಡುಕವನ್ನೇ ತೆಗೆದುಕೊಳ್ಳಿ. 60-80 ಕಿ.ಮೀ. ಸ್ಪೀಡಿನಲ್ಲಿ, ಆಕ್ಸಿಲರೇಟರ್ ಮೆಲ್ಲಗೆ ಒತ್ತಿದಾಗ ಬರುವ ನಡುಕಕ್ಕೆ ಎರಡು ದೊಡ್ಡ ಕಾರಣಗಳಿವೆ. ಒಂದು, ಎಂಜಿನ್ ಮಿಸ್‌ಫೈರ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು. ಇನ್ನೊಂದು, ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುವ, ಟಾರ್ಕ್ ಕನ್ವರ್ಟರಿನೊಳಗಿನ ಲಾಕ್-ಅಪ್ ಕ್ಲಚ್ ಹಿಡಿಯುವಾಗ ಜಾರಿ ಜಾರಿ ಹಿಡಿಯುವುದು. ಕೂತವರಿಗೆ ಎರಡೂ ಒಂದೇ ಥರ ಅನ್ನಿಸುತ್ತವೆ.

ಬೇರ್ಪಡಿಸುವ ಉಪಾಯ ಸುಲಭ. ಹಿಂದೆ ಮುಂದೆ ಗಾಡಿ ಇಲ್ಲದ ನೇರ ರಸ್ತೆ ಬೇಕು. ನಡುಕ ಬರುವ ಸ್ಪೀಡನ್ನು ಹಿಡಿದುಕೊಳ್ಳಿ. ಬಲಗಾಲು ಕದಲಿಸದೆ, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ಬ್ರೇಕ್ ಹಿಡಿಯಬಾರದು, ಸುಮ್ನೆ ಮುಟ್ಟಿದರೆ ಸಾಕು. ಬಹುತೇಕ ಕಾರುಗಳಲ್ಲಿ ಬ್ರೇಕ್ ಸ್ವಿಚ್ಚಿನ ಸಿಗ್ನಲ್ ಬಂದ ಕೂಡಲೇ ಲಾಕ್-ಅಪ್ ಬಿಟ್ಟುಕೊಳ್ಳುತ್ತದೆ, ಆರ್‌ಪಿಎಂ ಮುಳ್ಳು ಕೆಲವು ನೂರು ಮೇಲೇರುತ್ತದೆ. ಆ ಕ್ಷಣಕ್ಕೆ ನಡುಕವೂ ನಿಂತರೆ ಅನುಮಾನ ಲಾಕ್-ಅಪ್ ಮೇಲೆ. ಮುಳ್ಳು ಏರಿದರೂ ನಡುಕ ಮುಂದುವರಿದರೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಕಡೆ ಹೋಗಿ. ನನ್ನ ಕಾರಿನಲ್ಲಿ ನಡುಕ ಹಾಗೇ ಇತ್ತು, ಅದೇ ನನ್ನನ್ನು ಉಳಿಸಿತು. ಎಡಗಾಲಿನ ಬ್ರೇಕ್ ಅಭ್ಯಾಸ ಇಲ್ಲದಿದ್ದರೆ ಇದನ್ನು ಮಾಡಬೇಡಿ. ಕ್ಲಚ್ ಒತ್ತಿ ಅಭ್ಯಾಸವಾದ ಎಡಗಾಲಿಗೆ ಮೆಲ್ಲಗೆ ಅನ್ನುವ ಪದ ಗೊತ್ತಿರುವುದಿಲ್ಲ.

ಲಾಕ್-ಅಪ್ ನಡುಕ ಅಂತಲೇ ಖಚಿತವಾದರೂ ಗೇರ್‌ಬಾಕ್ಸ್ ಇಳಿಸುವ ಮಾತು ಇನ್ನೂ ಬೇಡ. ಹಳೇ ಆಯಿಲಿನಲ್ಲಿ ಘರ್ಷಣೆಯನ್ನು ಹದವಾಗಿಡುವ ರಾಸಾಯನಿಕ ಖಾಲಿಯಾದಾಗಲೂ ಹೀಗಾಗುತ್ತದೆ. ಹೊಸ, ಸರಿಯಾದ ಆಯಿಲ್ ಹಾಕಿದರೆ ಕೆಲವು ಸಲ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು ಜೋಡಿ: ಪಿ (ಪಾರ್ಕ್) ಇಂದ ಡಿಗೆ (ಡ್ರೈವ್) ಹಾಕಿದಾಗ "ಠಕ್" ಅಂತ ಹೊಡೆತ. ಗೇರ್‌ಬಾಕ್ಸ್ ಒಳಗಿನ ಒತ್ತಡ ಜಾಸ್ತಿಯಾದರೆ ಹೀಗಾಗುತ್ತದೆ, ನಿಜ. ಆದರೆ ಹಳೇ ಕಾರಿನಲ್ಲಿ ಮೊದಲು ನೋಡಬೇಕಾದ್ದು ಎಂಜಿನ್ ಮೌಂಟು. ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಹಾಕಿ, ಒಬ್ಬರು ಬ್ರೇಕ್ ಗಟ್ಟಿಯಾಗಿ ತುಳಿದು ಡಿ, ಎನ್, ಆರ್ ಬದಲಾಯಿಸಲಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ, ಕಾರಿನ ಮುಂದೆ ಮಾತ್ರ ನಿಲ್ಲಬೇಡಿ. ಎಂಜಿನ್ ಸ್ವಲ್ಪ ವಾಲುವುದು ಸಹಜ. ಎದ್ದು ಕೂತ ಹಾಗೆ ಮಾಡಿದರೆ ರಬ್ಬರ್ ಹರಿದಿದೆ. ಐಡಲ್ ಆರ್‌ಪಿಎಂ ಜಾಸ್ತಿ ಇದ್ದರೂ ಇದೇ ಹೊಡೆತ ಬರುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟನ್ನೂ ಅಲ್ಲಾಡಿಸಿ ನೋಡಿ.

"ಟಾಪ್ ಗೇರ್ ಬೀಳ್ತಾನೇ ಇಲ್ಲ, ಹೈವೇನಲ್ಲಿ ಎಂಜಿನ್ ಕಿರುಚುತ್ತೆ" ಅನ್ನುವ ದೂರೂ ಹಾಗೇ. ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ತಡೆಹಿಡಿಯಬೇಕಾದ ಥರ್ಮೋಸ್ಟಾಟ್ ತೆರೆದೇ ಉಳಿದರೆ ಇದನ್ನು ಮಾಡಬಲ್ಲದು ಅಂದರೆ ನಂಬುವುದು ಕಷ್ಟ ಅಲ್ವಾ? ಎಂಜಿನ್ ಬಿಸಿಯಾಗುವ ತನಕ ಎಷ್ಟೋ ಕಾರುಗಳ ಕಂಪ್ಯೂಟರ್ ಲಾಕ್-ಅಪ್ಪನ್ನೋ ಓವರ್‌ಡ್ರೈವನ್ನೋ (ಹೈವೇಯ ಟಾಪ್ ಗೇರ್) ಹಿಡಿಯಲು ಬಿಡುವುದಿಲ್ಲ. ಟೆಂಪರೇಚರ್ ಮುಳ್ಳು ಅರ್ಧಕ್ಕೆ ಬರುತ್ತಲೇ ಇಲ್ಲವಾದರೆ ಮೊದಲು ಆ ಸಣ್ಣ ಪಾರ್ಟ್ ಬದಲಾಯಿಸಿ.

ಇನ್ನು ಮೂರನೇ ಗೇರಿನಲ್ಲೇ ಕಚ್ಚಿಕೊಂಡು ನಿಂತ ಕಾರು. ಇದು ಕೆಟ್ಟ ಸುದ್ದಿಯ ಹಾಗೆ ಕಂಡರೂ ಎಷ್ಟೋ ಸಲ ಒಳ್ಳೆಯ ಸುದ್ದಿ. ಕಂಪ್ಯೂಟರ್ ಏನೋ ತಪ್ಪು ಕಂಡು, ಇನ್ನಷ್ಟು ಹಾಳಾಗದಿರಲಿ ಅಂತ ಒಂದೇ ಗೇರಿಗೆ ಬೀಗ ಹಾಕಿಕೊಂಡಿದೆ. ವೀಕ್ ಬ್ಯಾಟರಿಯಿಂದಲೂ ಹೀಗಾಗುತ್ತದೆ. ನಿಲ್ಲಿಸಿ, ಇಗ್ನಿಷನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಸರಿಯಾದರೆ ತಪ್ಪು ವೈರಿಂಗ್ ಅಥವಾ ಸೆನ್ಸರ್ ಕಡೆಯದಾಗಿರುವ ಸಂಭವ ಜಾಸ್ತಿ.

ಆಯಿಲ್ ಏನು ಹೇಳುತ್ತದೆ

ಡಿಪ್‌ಸ್ಟಿಕ್ ಇರುವ ಬಹುತೇಕ ಕಾರುಗಳಲ್ಲಿ ಗೇರ್ ಆಯಿಲನ್ನು ಚೆನ್ನಾಗಿ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ಐಡಲ್ ಓಡುತ್ತಿರುವಾಗಲೇ ನೋಡಬೇಕು. ಅದಕ್ಕೆ ಮೊದಲು ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು ಪಿಗೆ ತನ್ನಿ. ಹೋಂಡಾದ ಬಹಳಷ್ಟು ಹಳೇ ಕಾರುಗಳಲ್ಲಿ ಮಾತ್ರ ಎಂಜಿನ್ ಆಫ್ ಮಾಡಿ, ಒಂದೂವರೆ ನಿಮಿಷದೊಳಗೆ ನೋಡಬೇಕು. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಲೆವೆಲ್ ತಪ್ಪು ಓದಿ, ಬೇಡದ ಆಯಿಲ್ ಹಾಕಿದವರಿದ್ದಾರೆ. ಜಾಸ್ತಿಯಾದರೂ ತೊಂದರೆಯೇ, ಒಳಗೆ ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಎಬ್ಬಿಸುತ್ತವೆ. ಡಿಪ್‌ಸ್ಟಿಕ್ಕೇ ಇಲ್ಲದ ಗೇರ್‌ಬಾಕ್ಸ್‌ಗಳಲ್ಲಿ ಒಂದು ಬೋಲ್ಟ್ ಬಿಚ್ಚಿ, ಕಂಪನಿ ಹೇಳಿದ ಉಷ್ಣತೆಯಲ್ಲಿ ಆಯಿಲ್ ತೆಳ್ಳಗೆ ತುಳುಕುತ್ತದಾ ಅಂತ ನೋಡುತ್ತಾರೆ. ಗೇರ್‌ಬಾಕ್ಸ್ ತಯಾರಿಸುವ ಜೆಡ್‌ಎಫ್ ಕಂಪನಿಯ ಆರು ಗೇರಿನವಕ್ಕೆ ಅದು 30ರಿಂದ 50 ಡಿಗ್ರಿ ಸೆಲ್ಸಿಯಸ್. ಸ್ಕ್ಯಾನರ್ ಇಲ್ಲದೆ, ಕೈಯಲ್ಲಿ ಮುಟ್ಟಿ ಅಂದಾಜು ಮಾಡುವ ಕೆಲಸ ಇದಲ್ಲ.

ಒಂದು ಹನಿಯನ್ನು ಬಿಳಿ ಟಿಶ್ಯೂ ಮೇಲೆ ಬಿಡಿ. ಕೆಂಪಾಗಿದ್ದು ಅಗಲವಾಗಿ ಹರಡಿದರೆ ಚೆನ್ನಾಗಿದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ, ಬದಲಿಸಬಹುದು. ಹನಿ ಹರಡದೆ ನಡುವೆ ಕಪ್ಪು ಚುಕ್ಕೆ ಉಳಿದು, ಮೂಗಿಗೆ ಸುಟ್ಟ ವಾಸನೆ ಬಂದರೆ ಕ್ಲಚ್ ಸುಡುತ್ತಿದೆ. ಬಣ್ಣ ಒಂದನ್ನೇ ನಂಬಬೇಡಿ. ಕೆಲವು ಆಯಿಲ್‌ಗಳು ಬಹಳ ಬೇಗ ಕಪ್ಪಾಗುತ್ತವೆ, ಹಸಿರು ಅಥವಾ ಹಳದಿ ಬಣ್ಣದ ಆಯಿಲ್‌ಗಳೂ ಇವೆ. ವಾಸನೆ ಅಷ್ಟು ಸುಲಭಕ್ಕೆ ಮೋಸ ಮಾಡುವುದಿಲ್ಲ.

ಹಾಲು ಬೆರೆಸಿದ ಹಾಗೆ ಗುಲಾಬಿ ಬಣ್ಣ ಕಂಡರೆ ಅಲ್ಲೇ ಕಾರು ನಿಲ್ಲಿಸಿ. ರೇಡಿಯೇಟರಿನೊಳಗೆ ಗೇರ್ ಆಯಿಲ್ ತಣಿಸುವ ಕೊಳವೆ ಒಡೆದು ಕೂಲೆಂಟ್ ಸೇರಿಕೊಂಡಿದೆ. ಅದು ಕ್ಲಚ್ ಪ್ಲೇಟಿಗೆ ಅಂಟಿಸಿದ ಪದರದ ಅಂಟನ್ನೇ ಕರಗಿಸುತ್ತದೆ. ಮನೆ ತನಕ ಓಡಿಸೋಣ ಅನ್ನುವ ಆಸೆ ಬೇಡ. ಎಳೆದುಕೊಂಡು ಹೋಗುವಾಗಲೂ ಶಕ್ತಿ ಹೋಗುವ ಚಕ್ರಗಳು ನೆಲಕ್ಕೆ ತಾಗಬಾರದು. ಗೇರ್‌ಬಾಕ್ಸಿನ ಪಂಪ್ ತಿರುಗುವುದು ಎಂಜಿನ್ನಿನಿಂದ, ಎಂಜಿನ್ ನಿಂತರೆ ಒಳಗೆ ಆಯಿಲ್ ಓಡುವುದೇ ಇಲ್ಲ. ಆಟೋಮ್ಯಾಟಿಕ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲಾಗದ್ದೂ ಇದಕ್ಕೇ.

ಸ್ಕ್ಯಾನರೋ ಕಿವಿಯೋ

ಅಮೆರಿಕದಲ್ಲಿ 1996ರಿಂದ ಮಾರಾಟವಾದ ಕಾರುಗಳಿಗೆ ಒಬಿಡಿ-2, ಅಂದರೆ ಕಾರಿನ ಕಂಪ್ಯೂಟರ್ ಗುರುತಿಸಿದ ತಪ್ಪುಗಳ ಕೋಡನ್ನು ಸ್ಕ್ಯಾನರಿನಿಂದ ಓದುವ ವ್ಯವಸ್ಥೆ, ಕಡ್ಡಾಯ. ಯುರೋಪಿನ ಪೆಟ್ರೋಲ್ ಕಾರುಗಳಿಗೆ 2001ರಿಂದ. ನಿಮ್ಮ ಕಾರಿಗೆ ಆ ಸಾಕೆಟ್ ಇದ್ದರೆ ಕೋಡ್ ಓದದೆ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ. ಆದರೆ ಕೋಡ್ ಅಂದರೆ ತೀರ್ಪಲ್ಲ. ಪಿ0700 ಅಂದರೆ "ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ಹೇಳಬೇಕಂತೆ" ಅಂತ ಮಾತ್ರ. ಅಗ್ಗದ ರೀಡರ್ ಅಲ್ಲಿಗೇ ನಿಲ್ಲುತ್ತದೆ. ಗೇರ್‌ಬಾಕ್ಸ್ ಕಂಪ್ಯೂಟರಿನೊಳಗೆ ಇಣುಕುವ ಸ್ಕ್ಯಾನರ್ ಬೇಕು. ಪಿ0715, ಪಿ0720 ಸ್ಪೀಡ್ ಸೆನ್ಸರ್‌ಗಳದು. ಇವು ಸಿಕ್ಕರೆ ನಾನಂತೂ ಖುಷಿಪಡುತ್ತೇನೆ, ಬಹಳ ಕಾರುಗಳಲ್ಲಿ ಹೊರಗಿನಿಂದಲೇ ಬದಲಿಸಬಹುದು. ಪಿ0750ರಿಂದ ಶುರುವಾಗುವ ಸಾಲು ಶಿಫ್ಟ್ ಸೊಲೆನಾಯ್ಡ್‌ಗಳದು. ಸೊಲೆನಾಯ್ಡ್ ತರಿಸುವ ಮೊದಲು ಕನೆಕ್ಟರ್ ಬಿಚ್ಚಿ ಒಳಗೆ ಆಯಿಲ್ ಜಿನುಗಿದೆಯಾ, ಪಿನ್ ಹಸಿರುಗಟ್ಟಿದೆಯಾ ನೋಡಿ. ಆಮೇಲೆ ಮೀಟರ್ ಹಿಡಿಯಿರಿ. ಬರೀ ಆನ್-ಆಫ್ ಆಗುವ ಸೊಲೆನಾಯ್ಡ್ ಹೆಚ್ಚಾಗಿ 10ರಿಂದ 30 ಓಮ್ ತೋರಿಸುತ್ತದೆ, ಒತ್ತಡ ಹದ ಮಾಡುವಂಥದ್ದು ಸುಮಾರು 5. ಸರಿಯಾದ ಸಂಖ್ಯೆ ಆ ಕಾರಿನ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ.

ತಲೆನೋವು ಕೊಡುವುದು ಪಿ0730 ಸಾಲು ಮತ್ತು ಪಿ0741. ಮೊದಲನೆಯದು "ಈ ಗೇರಿನಲ್ಲಿ ಇರಬೇಕಾದ ಅನುಪಾತ ಬರುತ್ತಿಲ್ಲ" ಅನ್ನುತ್ತದೆ, ಅಂದರೆ ಏನೋ ಜಾರುತ್ತಿದೆ ಅಥವಾ ಸೆನ್ಸರ್ ಸುಳ್ಳು ಹೇಳುತ್ತಿದೆ. ಎರಡನೆಯದು ಲಾಕ್-ಅಪ್ ಹಿಡಿಯುತ್ತಿಲ್ಲ ಅನ್ನುತ್ತದೆ. ಕಾರಣ ಸೊಲೆನಾಯ್ಡ್ ಇರಬಹುದು, ವಾಲ್ವ್ ಬಾಡಿಯಲ್ಲಿ ಸವೆದ ತೂತಿರಬಹುದು, ಕನ್ವರ್ಟರೇ ಇರಬಹುದು. ಕೋಡ್ ನೋಡಿದ ಕೂಡಲೇ ಸೊಲೆನಾಯ್ಡ್ ಬದಲಿಸಿ, ಅದೇ ಕೋಡ್ ಮತ್ತೆ ಬಂದು ಪೆಚ್ಚಾದವರು ಕಡಿಮೆಯೇನಿಲ್ಲ.

ಇನ್ನೂ ಹಳೇ ಕಾರಾದರೆ ಸ್ಕ್ಯಾನರಿಗೆ ಕೆಲಸವೇ ಇಲ್ಲ, ಕೇಬಲ್ಲು ರಬ್ಬರ್ ಪೈಪುಗಳನ್ನೇ ನೋಡಬೇಕು. ಕಾರ್ಬುರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಥ್ರಾಟಲ್ ವಾಲ್ವ್ ಕೇಬಲ್ ಕೆಲವದರಲ್ಲಿ ಒಳಗೆ ಎಷ್ಟು ಆಯಿಲ್ ಒತ್ತಡ ಬೇಕು ಅನ್ನುವುದನ್ನೇ ಹೇಳುತ್ತದೆ. ಜನರಲ್ ಮೋಟಾರ್ಸ್‌ನ 700ಆರ್4 ಇದಕ್ಕೆ ಹೆಸರುವಾಸಿ, ಆ ಕೇಬಲ್ ಸಡಿಲ ಬಿಟ್ಟು ಓಡಿಸಿದರೆ ಕ್ಲಚ್ ಸುಡುವುದಕ್ಕೆ ಜಾಸ್ತಿ ದಿನ ಬೇಕಿಲ್ಲ. ಎಂಜಿನ್ನಿನ ಗಾಳಿ ಎಳೆತ ನೋಡಿ ಆಯಿಲ್ ಒತ್ತಡ ಹದ ಮಾಡುವ ವ್ಯಾಕ್ಯೂಮ್ ಮಾಡ್ಯುಲೇಟರ್ ಇರುವ ಕಾರಿನಲ್ಲಿ ಗೇರ್ ಆಯಿಲ್ ಕಡಿಮೆಯಾಗುತ್ತಾ ಇದೆ, ಕೆಳಗೆ ಹನಿ ಇಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇದೆ ಅಂದರೆ ಒಳಗಿನ ಡಯಾಫ್ರಮ್ ಹರಿದು ಎಂಜಿನ್ ಆ ಆಯಿಲನ್ನು ಕುಡಿಯುತ್ತಿದೆ. ಮಾಡ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಬಿಚ್ಚಿ ನೋಡಿ. ಒಳಗೆ ಕೆಂಪು ಆಯಿಲ್ ಕಂಡರೆ ಕಳ್ಳ ಸಿಕ್ಕ.

ಚೇಂಬರ್ ಬಿಚ್ಚಿದಾಗ

ನನ್ನ ಮಟ್ಟಿಗೆ ದೊಡ್ಡ ನಿರ್ಧಾರಕ್ಕೆ ಮೊದಲು ಇದೊಂದನ್ನು ತಪ್ಪಿಸಬಾರದು. ಗ್ಯಾರೇಜಿನಲ್ಲಿ ಮಾಡಿಸುವುದಾದರೆ ಪಕ್ಕದಲ್ಲೇ ನಿಂತುಕೊಳ್ಳಿ, ತೊಳೆಯುವ ಮೊದಲು ತೋರಿಸಲು ಹೇಳಿ. ತೊಳೆದ ಚೇಂಬರ್ ಏನನ್ನೂ ಹೇಳುವುದಿಲ್ಲ.

ತಳದಲ್ಲಿ ಒಂದೆರಡು ಸಣ್ಣ ಆಯಸ್ಕಾಂತಗಳು ಅಂಟಿಕೊಂಡಿರುತ್ತವೆ. ಮೇಲೆ ಬೂದು ಬಣ್ಣದ ಮೆತ್ತನೆಯ ಪೇಸ್ಟ್ ಇರುತ್ತದೆ, ಮುಳ್ಳುಹಂದಿಯ ಹಾಗೆ ಸಣ್ಣಗೆ ನಿಂತಿರುತ್ತದೆ. ಎರಡು ಬೆರಳ ನಡುವೆ ತಿಕ್ಕಿ. ಕಾಡಿಗೆಯ ಹಾಗೆ ನುಣ್ಣಗಿದ್ದರೆ ಅದು ವಯಸ್ಸಿನ ಸವಕಳಿ, ಚಿಂತೆ ಬೇಡ. ಬೆರಳಿಗೆ ಚುಚ್ಚಿದರೆ, ಬಿಸಿಲಿಗೆ ಹಿಡಿದಾಗ ಚೂರುಗಳು ಮಿನುಗಿದರೆ ಯಾವುದೋ ಗಟ್ಟಿ ಭಾಗ ಒಡೆಯುತ್ತಿದೆ. ಆಯಸ್ಕಾಂತಕ್ಕೆ ಅಂಟದ ಹಳದಿ ಚೂರು ಬುಶ್‌ನದೋ ವಾಷರ್‌ನದೋ ಇರಬೇಕು. ಕಪ್ಪು ಪುಡಿ ದಪ್ಪಗೆ ಕೂತಿದ್ದರೆ ಅದು ಕ್ಲಚ್ ಪ್ಲೇಟಿನ ಮೈ. ಸ್ವಲ್ಪ ಕಪ್ಪು ಎಲ್ಲ ಹಳೇ ಗೇರ್‌ಬಾಕ್ಸಿನಲ್ಲೂ ಇರುತ್ತದೆ, ಆದರೆ ಚಮಚದಲ್ಲಿ ಬಾಚುವಷ್ಟಿದ್ದರೆ ಆಯಿಲ್ ಬದಲಾವಣೆಯ ಮಾತು ಮುಗಿಯಿತು.

ಆಯಿಲ್: ಇಳಿಸಿ ತುಂಬುವುದೋ, ಫ್ಲಶ್ಶೋ, ಮುಟ್ಟದೇ ಇರುವುದೋ

"ಹಳೇ ಗೇರ್‌ಬಾಕ್ಸಿಗೆ ಹೊಸ ಆಯಿಲ್ ಹಾಕಿದರೆ ಸತ್ತೇಹೋಗುತ್ತೆ" ಅನ್ನುವ ಮಾತು ಕೇಳಿರುತ್ತೀರಿ. ಪೂರ್ತಿ ಸುಳ್ಳಲ್ಲ. ಪದರ ಸವೆದ ಕ್ಲಚ್ಚಿಗೆ ಹಳೇ ಆಯಿಲಿನಲ್ಲಿ ತೇಲುವ ಪುಡಿಯೇ ಅಷ್ಟಿಷ್ಟು ಹಿಡಿತ ಕೊಡುತ್ತಿರುತ್ತದೆ. ಅದನ್ನು ತೆಗೆದ ಕೂಡಲೇ ಜಾರಿಕೆ ಬಯಲಾಗುತ್ತದೆ. ಕೊಂದದ್ದು ಹೊಸ ಆಯಿಲಲ್ಲ. ಹಾಗಾಗಿ ನನ್ನ ಲೆಕ್ಕ ಹೀಗೆ: ಕಾರು ಚೆನ್ನಾಗಿ ಓಡುತ್ತಿದ್ದು ಆಯಿಲ್ ಮಾತ್ರ ಹಳೆಯದಾಗಿದ್ದರೆ ಖಂಡಿತ ಬದಲಿಸಿ. ನಡುಕ ಇದ್ದರೆ ಬದಲಿಸಿ ನೋಡಿ. ಆಗಲೇ ಜಾರುತ್ತಿದ್ದು ಸುಟ್ಟ ವಾಸನೆಯೂ ಇದ್ದರೆ, ಆ ದುಡ್ಡನ್ನು ಮುಂದಿನ ಕೆಲಸಕ್ಕೆ ಎತ್ತಿಡಿ.

"ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ" ಅಂತ ಕಾರಿನ ಪುಸ್ತಕ ಹೇಳಬಹುದು. ಗೇರ್‌ಬಾಕ್ಸ್ ತಯಾರಿಸುವ ಜೆಡ್‌ಎಫ್ ಮಾತ್ರ ತನ್ನವಕ್ಕೆ 80,000ದಿಂದ 1,20,000 ಕಿ.ಮೀ. ಅಥವಾ ಎಂಟು ವರ್ಷಕ್ಕೆ ಬದಲಿಸಿ ಅನ್ನುತ್ತದೆ. ಯಾರ ಮಾತು ಕೇಳಬೇಕು ಅಂತ ನನ್ನನ್ನು ಕೇಳಿದರೆ, ಮಾಡಿದವರ ಮಾತು.

ಚೇಂಬರಿನಿಂದ ಇಳಿಸಿ ತುಂಬಿದರೆ ಪೂರ್ತಿ ಆಯಿಲ್ ಬರುವುದಿಲ್ಲ, ಕನ್ವರ್ಟರಿನಲ್ಲಿ ಬಹಳಷ್ಟು ಉಳಿಯುತ್ತದೆ. ಒಂದು ಸಲಕ್ಕೆ 40 ಭಾಗ ಹೊಸದಾಯಿತು ಅಂದುಕೊಳ್ಳಿ. ನಡುವೆ ಸ್ವಲ್ಪ ದಿನ ಓಡಿಸಿ ಎರಡನೇ ಸಲ ಮಾಡಿದರೆ 64, ಮೂರನೇ ಸಲಕ್ಕೆ 78 ಭಾಗ ಹೊಸದು. ನಿಧಾನ, ಆದರೆ ಹಳೇ ಗೇರ್‌ಬಾಕ್ಸಿಗೆ ಸೌಮ್ಯ. ಕೂಲರ್ ಪೈಪಿನಲ್ಲಿ ಗೇರ್‌ಬಾಕ್ಸಿನದೇ ಪಂಪ್ ಹಳೆಯದನ್ನು ಹೊರಹಾಕುತ್ತಿದ್ದಂತೆ ಹೊಸದನ್ನು ಸೇರಿಸುವ ವಿಧಾನವೂ ಒಳ್ಳೆಯದೇ, ಗೊತ್ತಿರುವವರು ಮಾಡಿದರೆ. ಜೋರು ಒತ್ತಡದ ಮೆಷಿನ್ನಿನಲ್ಲಿ, ಕ್ಲೀನಿಂಗ್ ರಾಸಾಯನಿಕ ಬೆರೆಸಿ ಫ್ಲಶ್ ಮಾಡುವುದು ಹಳೇ ಕಾರಿಗೆ ಬೇಡ. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಕೊಳೆ ವಾಲ್ವ್ ಬಾಡಿಯ ಸಣ್ಣ ದಾರಿಗೆ ಬಂದು ಸಿಕ್ಕಿಕೊಳ್ಳುತ್ತದೆ.

ಯಾವ ವಿಧಾನವಾದರೂ ಆಯಿಲ್ ಮಾತ್ರ ಕಂಪನಿ ಹೇಳಿದ್ದೇ ಆಗಿರಲಿ. ಟೊಯೋಟಾ ಒಂದರಲ್ಲೇ ಟೈಪ್ ಟಿ-4 ಬೇರೆ, ಡಬ್ಲ್ಯುಎಸ್ ಬೇರೆ. ಬಾಟಲಿ ಅಡಿಟಿವ್ ಬಗ್ಗೆ ಒಂದೇ ಸಾಲು: ಸೀಲ್ ಮೆತ್ತಗೆ ಮಾಡುವಂಥದ್ದು ಸಣ್ಣ ಜಿನುಗನ್ನು ಕೆಲವು ದಿನ ನಿಲ್ಲಿಸಬಹುದು, ಸವೆದ ಕ್ಲಚ್ಚನ್ನು ಯಾವುದೂ ಬೆಳೆಸುವುದಿಲ್ಲ.

ಒಳಗೇ ಕೆಟ್ಟಿದ್ದರೆ ಯಾವ ದಾರಿ

ಎಲ್ಲ ನೋಡಿಯಾಯಿತು, ತಪ್ಪು ಒಳಗೇ ಇದೆ. ಆಗಲೂ ಇಳಿಸುವ ಮೊದಲು ಕೇಳಿ: ವಾಲ್ವ್ ಬಾಡಿ ಮಟ್ಟದಲ್ಲಿ ಮುಗಿಯುತ್ತದಾ? ಬಹಳ ಗೇರ್‌ಬಾಕ್ಸ್‌ಗಳಲ್ಲಿ ಅದನ್ನು ಕಾರಿನಲ್ಲೇ ಬಿಚ್ಚಬಹುದು. ಗೇರ್ ಬದಲಾಗುವಾಗ ಒರಟು, ಆದರೆ ಹಿಡಿದ ಮೇಲೆ ಗಟ್ಟಿ, ಆಯಿಲ್ ಶುದ್ಧ, ಚೇಂಬರಿನಲ್ಲಿ ಚೂರಿಲ್ಲ ಅಂದರೆ ನಾನು ಈ ದಾರಿಗೇ ಹೋಗುವುದು.

ಇಳಿಸಲೇಬೇಕಾದರೆ ಮೂರು ದಾರಿ. ನಿಮ್ಮದನ್ನೇ ಬಿಚ್ಚಿ ಕಟ್ಟಿಸುವುದು, ಹಳೇ ಕಾರಿನಿಂದ ತೆಗೆದದ್ದನ್ನು ಹಾಕುವುದು, ಫ್ಯಾಕ್ಟರಿಯಲ್ಲಿ ಮತ್ತೆ ಹೊಸದಾಗಿ ಕಟ್ಟಿದ್ದನ್ನು ನಿಮ್ಮದು ಕೊಟ್ಟು ತರುವುದು. ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್ ಅಗ್ಗ, ಬೇಗ ಕೂಡ. ಆದರೆ ಅದೂ ನಿಮ್ಮ ಕಾರಿನಷ್ಟೇ ವಯಸ್ಸಿನದು ಅನ್ನುವುದನ್ನು ಮರೆಯುತ್ತೇವೆ. ಮಾಡೆಲ್‌ಗೇ ಅಂಟಿದ ದೋಷವಾಗಿದ್ದರೆ ಅದರೊಳಗೂ ಅದೇ ದೋಷ ಸರದಿಯಲ್ಲಿ ಕಾದಿರುತ್ತದೆ. ನಿಮ್ಮದು ಅಪಘಾತದಿಂದಲೋ ಕೂಲೆಂಟ್ ಸೇರಿಯೋ ಹಾಳಾಗಿದ್ದು, ಆ ಮಾಡೆಲ್ ಮೂಲತಃ ಗಟ್ಟಿ ಅಂತ ಹೆಸರಿದ್ದರೆ ಸೆಕೆಂಡ್ ಹ್ಯಾಂಡ್ ಒಳ್ಳೆಯ ಆಯ್ಕೆ. ತಗಡಿನ ಮೇಲಿರುವ ಕೋಡ್ ನಿಮ್ಮದಕ್ಕೆ ಹೊಂದಬೇಕು, ಹೊರಗೆ ನೋಡಲು ಒಂದೇ ಥರ ಇದ್ದರೆ ಸಾಲದು. ಕೂರಿಸುವ ಮೊದಲೇ ಚೇಂಬರ್ ಬಿಚ್ಚಿಸಿ ಆಯಸ್ಕಾಂತ ನೋಡಿ. ಮುಂದಿನ ಸೀಲ್, ಫಿಲ್ಟರ್ ಆಗಲೇ ಬದಲಿಸಿ, ಇಲ್ಲದಿದ್ದರೆ ಆಮೇಲೆ ಆ ಸೀಲಿಗೋಸ್ಕರವೇ ಮತ್ತೆ ಇಳಿಸಬೇಕಾಗುತ್ತದೆ.

ಬಿಚ್ಚಿ ಕಟ್ಟಿಸುವುದಾದರೆ ಆ ಕೆಲಸವನ್ನೇ ದಿನಾ ಮಾಡುವವರು ಬೇಕು. ಎಲ್ಲ ಕೆಲಸ ಮಾಡುವ ಒಳ್ಳೆಯ ಮೆಕ್ಯಾನಿಕ್ ಕೂಡ ಇದಕ್ಕೆ ಸಾಲದು. ನಾಲ್ಕು ಪ್ರಶ್ನೆ ಕೇಳಿ. ಟಾರ್ಕ್ ಕನ್ವರ್ಟರ್ ಸೇರಿದೆಯಾ? ಸೀಲ್ ಕ್ಲಚ್ ಮಾತ್ರವೋ, ಸವೆದ ಗಟ್ಟಿ ಭಾಗಗಳೂ ಸೇರಿ ರೇಟ್ ಹೇಳಿದ್ದೋ? ಬದಲಿಸಿದ ಹಳೇ ಪಾರ್ಟ್ ತೋರಿಸುತ್ತೀರಾ? ವಾರಂಟಿ ಎಷ್ಟು ದಿನ, ಬರವಣಿಗೆಯಲ್ಲಿ ಕೊಡುತ್ತೀರಾ? ಇವಕ್ಕೆ ಮುಖ ಸಿಂಡರಿಸಿದರೆ ಬೇರೆ ಕಡೆ ನಡೆಯಿರಿ. ಫ್ಯಾಕ್ಟರಿಯಲ್ಲಿ ಕಟ್ಟಿದ್ದಕ್ಕೆ ಖರ್ಚು ಜಾಸ್ತಿ, ಆದರೆ ಮಾಡೆಲ್‌ನ ಹಳೇ ದೋಷಕ್ಕೆ ಸುಧಾರಿಸಿದ ಪಾರ್ಟ್ ಸೇರಿಸಿರುವ ಸಾಧ್ಯತೆ ಇದರಲ್ಲೇ ಹೆಚ್ಚು. ಇನ್ನೂ ಮೂರು ನಾಲ್ಕು ವರ್ಷ ಇಟ್ಟುಕೊಳ್ಳುವ ಕಾರಾದರೆ ನನ್ನ ಮತ ಈ ಎರಡಕ್ಕೆ. ವರ್ಷದೊಳಗೆ ಬಿಡುವ ಕಾರಾದರೆ ಸೆಕೆಂಡ್ ಹ್ಯಾಂಡಿಗೆ.

ಯಾವುದೂ ಬೇಡ ಅನ್ನುವುದೂ ಒಂದು ಆಯ್ಕೆಯೇ. ಚಾಸಿಗೆ ತುಕ್ಕು ಹಿಡಿದಿದ್ದು, ಎಂಜಿನ್ನಿನ ಕಂಪ್ರೆಶನ್ನೂ ಬಿದ್ದಿದ್ದರೆ ಹೊಸ ಗೇರ್‌ಬಾಕ್ಸ್ ಅದಕ್ಕೆ ಆಯಸ್ಸು ಕೊಡುವುದಿಲ್ಲ. ಎರಡನೇ ಗೇರಿಗೆ ಬೀಳುವಾಗ ಸ್ವಲ್ಪ ಸೋಮಾರಿತನ ಮಾತ್ರ ಇದ್ದು, ಆಯಿಲ್ ಚೆನ್ನಾಗಿದ್ದರೆ ಹಾಗೇ ಓಡಿಸಿ. ಮಾರುವುದಾದರೆ ತೊಂದರೆ ಏನಿದೆ ಅಂತ ಕೊಳ್ಳುವವರಿಗೆ ಹೇಳಿಯೇ ಮಾರಿ.

ಕೂರಿಸುವ ದಿನ

ಯಾವ ಗೇರ್‌ಬಾಕ್ಸ್ ಹಾಕಿದರೂ ಹಳೇ ಕೂಲರ್ ಮತ್ತು ಪೈಪುಗಳನ್ನು ತೊಳೆಯದೆ ಜೋಡಿಸಬಾರದು. ಸತ್ತ ಗೇರ್‌ಬಾಕ್ಸಿನ ಚೂರುಗಳು ಅಲ್ಲೇ ಕೂತಿರುತ್ತವೆ. ಹೊಸದು ಮೊದಲು ಕುಡಿಯುವುದು ಅದನ್ನೇ.

ಇನ್ನೊಂದು, ಕನ್ವರ್ಟರ್. ಅದನ್ನು ಗೇರ್‌ಬಾಕ್ಸಿನೊಳಗೆ ತಿರುಗಿಸುತ್ತಾ ತಳ್ಳಬೇಕು. ಒಳಗಿನ ಹಲ್ಲುಗಳು ಒಂದೊಂದಾಗಿ ಸಿಕ್ಕಿದಾಗ "ಟಕ್" ಅಂತ ಒಂದಿಷ್ಟು ಒಳಗೆ ಇಳಿಯುತ್ತದೆ, ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಎರಡು ಮೂರು ಸಲ. ಕೊನೆಯ ಟಕ್ ಪಂಪಿನದು. ಅದು ಆಗದೆ ಗೇರ್‌ಬಾಕ್ಸನ್ನು ಎಂಜಿನ್ನಿಗೆ ಹಿಡಿದು ಬೋಲ್ಟ್ ಬಿಗಿದರೆ, ಸ್ಟಾರ್ಟ್ ಮಾಡುವ ಮೊದಲೇ ಪಂಪ್ ಒಡೆದಿರುತ್ತದೆ. ಎರಡೂ ಮುಖಗಳು ಕೈಯ ಬಲದಲ್ಲೇ ಕೂಡಬೇಕು. ಕೂಡಿದ ಮೇಲೂ ಕನ್ವರ್ಟರ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಎಂಜಿನ್ ಕಡೆಯ ಪ್ಲೇಟಿಗೂ ಅದಕ್ಕೂ ನಡುವೆ ಕೆಲವು ಮಿಲಿಮೀಟರ್ ಸಂದು ಕಾಣಬೇಕು. ಬೋಲ್ಟ್ ಬಿಗಿದು ಎಳೆದುಕೊಳ್ಳೋಣ ಅಂತ ಯಾರಾದರೂ ಸ್ಪ್ಯಾನರ್ ಎತ್ತಿದರೆ ಕೈ ಹಿಡಿದು ನಿಲ್ಲಿಸಿ.

ಆಮೇಲೆ ಕಂಪ್ಯೂಟರಿನಲ್ಲಿ ಹಳೇ ಕಲಿಕೆಯನ್ನು ಅಳಿಸಬೇಕು. ಸವೆದ ಕ್ಲಚ್ಚಿಗೆ ಹೊಂದಿಕೊಂಡಿದ್ದ ಒತ್ತಡವನ್ನು ಹೊಸದಕ್ಕೂ ಕೊಟ್ಟರೆ ಒರಟಾಗಿ ಹೊಡೆಯುತ್ತದೆ. ಅಳಿಸಿದ ಮೇಲೂ ಮೊದಲ ಕೆಲವು ಕಿಲೋಮೀಟರ್ ಎಡವುವುದು ಸಹಜ, ಮೆಲ್ಲಗೆ ಓಡಿಸಿ ಕಲಿಯಲು ಬಿಡಿ. ಮನೆಗೆ ಬಂದು, ಬಿಸಿ ಇರುವಾಗಲೇ ಇನ್ನೊಮ್ಮೆ ಲೆವೆಲ್ ನೋಡಿ. ರಾತ್ರಿ ಗೇರ್‌ಬಾಕ್ಸಿನ ಕೆಳಗೆ ಒಂದು ರಟ್ಟು ಹಾಸಿ ನಿಲ್ಲಿಸಿ. ಬೆಳಿಗ್ಗೆ ರಟ್ಟು ಒಣಗಿದ್ದರೆ ಜಾಕ್ ಎತ್ತಿ ಒಳಗಿಡಬಹುದು.